ಬಾಯಿ ಬಿಡಬಾರದು

ಸುರಂಗದ ಬಾಯಿಯಿಂದ ಇಪ್ಪತ್ತು ಹೆಜ್ಜೆ ಈಚೆಗೆ ತಗಡಿನ ಮಾಡಿನ ಒಂದು ಕೋಣೆ ಇತ್ತು. ಒಳಗೆ ಗೋಡೆಯುದ್ದಕ್ಕೂ ಕಬ್ಬಿಣದ ಗೂಡುಗಳು, ಒಂದೊಂದು ಗೂಡಿನಲ್ಲೂ ಒಂದೊಂದು ಸ್ಟೀಲಿನ ಡಬ್ಬಿ. ನೋಡಿದರೆ ಊಟದ ಡಬ್ಬಿಯಂತಿದ್ದರೂ ಸೊಂಟಕ್ಕೆ ಕಟ್ಟಿಕೊಂಡು ನಾಲ್ಕು ಹೆಜ್ಜೆ ಹಾಕಿದರೆ ತೂಕ ಗೊತ್ತಾಗುತ್ತಿತ್ತು. ಸುರಂಗದೊಳಗೆ ಬೆಂಕಿ ಹೊತ್ತಿ ಹೊಗೆ ತುಂಬಿದರೆ ಮುಚ್ಚಳ ಕಿತ್ತು, ರಬ್ಬರಿನ ತುಂಡನ್ನು ಹಲ್ಲಿನಲ್ಲಿ ಕಚ್ಚಿ, ಮೂಗಿಗೆ ಕ್ಲಿಪ್ಪು ಸಿಕ್ಕಿಸಿಕೊಳ್ಳಬೇಕು. ಬಿಟ್ಟ ಉಸಿರೇ ಡಬ್ಬಿಯೊಳಗಿನ ರಾಸಾಯನಿಕಕ್ಕೆ ತಾಗಿ, ಹೊಸ ಗಾಳಿಯಾಗಿ ವಾಪಸ್ಸು ಬರುತ್ತದೆ. ಅರ್ಧ ಗಂಟೆ ಮಟ್ಟಿಗೆ ಮನುಷ್ಯ ಬದುಕಿಕೊಳ್ಳಬಹುದು.

ಆ ಕೋಣೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದವಳನ್ನು ಕೆಲಸಗಾರರು ಡಬ್ಬಿ ಅಕ್ಕ ಎಂದು ಕರೆಯುತ್ತಿದ್ದರು. ಮೊದಲು ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರುಗಳನ್ನು ನೋಡಿಕೊಳ್ಳುತ್ತಿದ್ದವಳು. ಇಲ್ಲಿಗೆ ಬಂದು ಹದಿನೆಂಟು ತಿಂಗಳಾಗಿತ್ತು. ಪಾಳಿ ಶುರುವಾಗುವ ಮುಂಚೆ ಪ್ರತಿ ಡಬ್ಬಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗೆ ಗಲಗಲ ಅಂದರೆ ರಾಸಾಯನಿಕ ಪುಡಿಯಾಗಿದೆ ಎಂದು ಅರ್ಥ, ಅದನ್ನು ಪಕ್ಕಕ್ಕಿಡುತ್ತಿದ್ದಳು. ಡಬ್ಬಿ ಇಲ್ಲದವನಿಗೆ ಒಳಗೆ ಪ್ರವೇಶವಿಲ್ಲ. ಅದರಲ್ಲಿ ದಾಕ್ಷಿಣ್ಯದ ಮಾತೇ ಇರಲಿಲ್ಲ.

ಹೊಸಬರಿಗೆ ಪಾಠ ಹೇಳುವುದೂ, ಹಳಬರಿಗೆ ಆಗಾಗ ಅಭ್ಯಾಸ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದೂ ಅವಳ ಕೆಲಸವೇ.

"ಉಸಿರು ಬಿಸಿ ಬಿಸಿ ಅನ್ಸುತ್ತೆ. ಬಿಸಿಯಾದ್ರೆ ಡಬ್ಬಿ ಸರಿಯಾಗಿ ಕೆಲಸ ಮಾಡ್ತಿದೆ ಅಂತ. ಬಾಯೆಲ್ಲ ಒಣಗುತ್ತೆ, ಕೆಮ್ಮು ಬರುತ್ತೆ, ಕಿತ್ತೆಸೀಬೇಕು ಅನ್ಸುತ್ತೆ. ಏನೇ ಆಗ್ಲಿ, ಆಸರೆ ಕೋಣೆ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳೋ ತನಕ ಬಾಯಿ ಬಿಡಬಾರದು."

ಆಸರೆ ಕೋಣೆ ಎಂದರೆ ಸುರಂಗದೊಳಗೆ ಎಡಗೋಡೆಯನ್ನು ಕೊರೆದು ಕೂರಿಸಿದ್ದ ಕಬ್ಬಿಣದ ಕೋಣೆ. ಅಲ್ಲಿ ಗಾಳಿ, ನೀರು, ಫೋನು ಎಲ್ಲ ಇತ್ತು.

ಈ ಪಾಠ ನಡೆಯುವಾಗ ತಂಟೆ ಮಾಡುತ್ತಿದ್ದವನು ಒಬ್ಬನೇ, ಬೆಳಗಿನ ಪಾಳಿಯ ಎಲೆಕ್ಟ್ರಿಷಿಯನ್. ಅವನಿಗೆ ರೇಡಿಯೋ ಎಂದೇ ಹೆಸರು. ವೈರು ಬಿಚ್ಚುವಾಗ, ಬಲ್ಬು ಸಿಕ್ಕಿಸುವಾಗ, ಊಟ ಮಾಡುವಾಗ, ಅವನ ಬಾಯಿಗೆ ಬಿಡುವೇ ಇರಲಿಲ್ಲ. ಯಾರ ಮನೆಯಲ್ಲಿ ಜಗಳ, ಯಾರಿಗೆ ಯಾವ ಊರಿಗೆ ವರ್ಗ, ಎಲ್ಲವೂ ಮೊದಲು ಅವನ ಬಾಯಲ್ಲೇ ಬರಬೇಕು.

"ಅಕ್ಕಾ, ಇದೊಂದು ಡಬ್ಬಿ ನನ್ನ ಹೆಂಡತಿಗೆ ತೋರಿಸಬೇಡಿ," ಎನ್ನುತ್ತಿದ್ದ. "ದಿನಾ ಸಾಯಂಕಾಲ ನನ್ನ ಬಾಯಿಗೆ ತುರುಕ್ತಾಳೆ."

"ಒಳ್ಳೇದೇ ಆಯ್ತು. ಕಚ್ಚು ಈಗ, ಹತ್ತು ನಿಮಿಷ."

ಒಂದು ದಿನ ಎಂಟನೆಯ ನಿಮಿಷಕ್ಕೇ ರಬ್ಬರು ತೆಗೆದು, "ಟೈಮೆಷ್ಟಾಯ್ತು ಅಕ್ಕಾ?" ಎಂದ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಮತ್ತೆ ಮೊದಲಿನಿಂದ ಹತ್ತು ನಿಮಿಷ ಮಾಡಿಸಿದಳು.

ಅದೇ ದಿನದ ಪರೀಕ್ಷೆಯಲ್ಲಿ ಅವಳ ಮಾವನ ಸರದಿಯೂ ಇತ್ತು. ಗಂಡನ ಅಪ್ಪ; ಬಂಡೆಗೆ ತೂತು ಕೊರೆಯುವ ಡ್ರಿಲ್ಲಿಂಗ್ ಯಂತ್ರದಲ್ಲಿ ಮೂವತ್ತಾರು ವರ್ಷ ಕೈ ಪಳಗಿದವರು. ಬೆಳಗಿನ ಪಾಳಿಯ ಮೇಸ್ತ್ರಿ. ಎಲ್ಲರೂ ಯಜಮಾನರು ಎಂದೇ ಕರೆಯುತ್ತಿದ್ದರು. ಅಭ್ಯಾಸದ ಡಬ್ಬಿ ಕಟ್ಟಿಕೊಂಡು ಅಂಗಳ ಸುತ್ತುವಾಗ ಮೂರನೆಯ ನಿಮಿಷಕ್ಕೆ ಅವರ ಬಾಯಿಂದ ರಬ್ಬರು ಜಾರಿತು. ಎರಡನೆಯ ಸಲವೂ ಜಾರಿತು. ಮೂರನೆಯ ಸಲ ಅವರು ಅದನ್ನು ಕೈಯಲ್ಲಿ ಒತ್ತಿಕೊಂಡು ನಡೆಯಲು ನೋಡಿದರು. ತುಟಿಯ ಅಂಚಿನಿಂದ ಗಾಳಿ ಸೋರುವುದು ಅವಳಿಗೇ ಕೇಳಿಸಿತು.

ಕಾರಣ ಅವಳಿಗೆ ತಕ್ಷಣ ಹೊಳೆಯಿತು. ಮಾವನಿಗೆ ಮೇಲಿನ ಸಾಲಿನಲ್ಲಿ ಒಂದೇ ಒಂದು ಹಲ್ಲೂ ಇರಲಿಲ್ಲ. ಇದ್ದದ್ದು ಎರಡು ವರ್ಷದ ಹಿಂದೆ ಕಟ್ಟಿಸಿದ ಹಲ್ಲಿನ ಸೆಟ್ಟು. ಮಲಗುವಾಗ ತೆಗೆದು ಬಚ್ಚಲಿನ ಗೂಡಿನಲ್ಲಿ ಬಟ್ಟಲಲ್ಲಿಡುತ್ತಿದ್ದರು. ಮನೆಯವರಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತಿಲ್ಲ ಎಂದು ನಂಬಿಕೊಂಡಿದ್ದರು. ರಬ್ಬರು ಕಚ್ಚಿದರೆ ಸೆಟ್ಟೇ ಅಲುಗಾಡುತ್ತಿತ್ತು. ಅವಳಿಗಿಂತ ಮುಂಚೆ ಈ ಕೆಲಸದಲ್ಲಿದ್ದವರು ಯಾರಿಗೂ ಪರೀಕ್ಷೆ ಮಾಡದೆ ಸಾಲಾಗಿ ಸಹಿ ಹಾಕಿದ್ದರು. ಕಳೆದ ವರ್ಷ ಅವಳೂ ಮಾವನ ಮುಖ ನೋಡಿ ಎರಡೇ ನಿಮಿಷಕ್ಕೆ ಬಿಟ್ಟಿದ್ದಳು.

"ಇನ್ನೊಂದಿಷ್ಟು ಅಭ್ಯಾಸ ಬೇಕು," ಎಂದಳು, ಎಲ್ಲರಿಗೂ ಕೇಳುವಂತೆ. "ಅಲ್ಲೀ ತನಕ ಯಜಮಾನರು ಹೊರಗಡೆ ಕೆಲಸ ನೋಡ್ಕೊಳ್ಳಲಿ."

ಮಾವನ ಮುಖ ಕೆಂಪಗಾಯಿತು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೋದರು.

ಐದು ದಿನ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಗಂಡ ಅಪ್ಪನಿಗೂ ಹೆಂಡತಿಗೂ ನಡುವೆ ಸಿಕ್ಕಿಬಿದ್ದು, ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಆರನೆಯ ದಿನ ಸಂಜೆ ಅವಳು ಅಭ್ಯಾಸದ ಡಬ್ಬಿಯೊಂದನ್ನು ಮನೆಗೇ ತಂದು ಮಾವನ ಮುಂದಿಟ್ಟಳು.

"ಏನಮ್ಮಾ ಇದು? ಬೊಚ್ಚುಬಾಯಿ ಅಂತ ಊರಿಗೆಲ್ಲ ಸಾರೋದು ಸಾಲದು ಅಂತ ಮನೆಗೂ ತಂದ್ಯಾ?"

"ನಾನು ಯಾರ ಹತ್ರನೂ ಹೇಳಿಲ್ಲ ಮಾವ. ಹೇಳೋದೂ ಇಲ್ಲ."

"ರಿಟೈರಾಗೋಕೆ ಇನ್ನೆರಡು ವರ್ಷ ಇದೆ ನನಗೆ. ಮೂವತ್ತಾರು ವರ್ಷದಲ್ಲಿ ಒಂದು ದಿನಾನೂ ಬೇಕಾಗಿಲ್ಲ ಈ ಡಬ್ಬಿ. ಇನ್ನೆರಡು ವರ್ಷದಲ್ಲಿ ಬೇಕಾಗುತ್ತಾ?"

"ಬೇಕಾಗದಿರಲಿ. ಆದ್ರೆ ನಿಮ್ಮ ಬಾಯಲ್ಲಿ ಅದು ನಿಲ್ಲಲ್ಲ ಅಂತ ಗೊತ್ತಿದ್ದೂ ನಿಮ್ಮನ್ನ ಒಳಗೆ ಕಳಿಸಿ, ನಾನು ಹೊರಗೆ ಹೇಗೆ ಕೂತ್ಕೊಳ್ಳಲಿ, ಹೇಳಿ?"

ಮಾವ ಎದ್ದು ಬಚ್ಚಲಿಗೆ ಹೋದರು. ಬಂದಾಗ ಮೇಲ್ತುಟಿ ಒಳಗೆ ಹೋಗಿ, ಮುಖ ಹತ್ತು ವರ್ಷ ಹೆಚ್ಚು ಮುದಿಯಾಗಿತ್ತು. ಸೊಸೆಯ ಎದುರಿಗೆ ಅವರು ಹಾಗೆ ನಿಂತದ್ದು ಅದೇ ಮೊದಲು.

"ತೋರಿಸು," ಎಂದರು ತೊದಲುತ್ತ.

ಸೆಟ್ಟು ಇಲ್ಲದೆಯೇ ಕಚ್ಚುವುದು ಒಳ್ಳೆಯದೆಂದು ಇಬ್ಬರೂ ಸೇರಿ ಕಂಡುಕೊಂಡರು. ರಬ್ಬರಿನ ಅಂಚನ್ನು ತುಟಿಯೊಳಕ್ಕೆ ಪೂರ್ತಿ ಸೇರಿಸಿ, ಒಸಡಿನಲ್ಲಿ ಒತ್ತಿ, ಎಡಗೈಯನ್ನು ಗದ್ದದ ಕೆಳಗೆ ಆನಿಸಿದರೆ ಗಾಳಿ ಸೋರುತ್ತಿರಲಿಲ್ಲ. ಅವರಿದ್ದದ್ದು ನಾಲ್ಕು ಮಹಡಿಯ ಕಟ್ಟಡ. ದಿನಾ ಸಂಜೆ ಮಾವ ಮೆಟ್ಟಿಲು ಹತ್ತುವುದು, ಇಳಿಯುವುದು. ಹಿಂದೆ ಗಡಿಯಾರ ಹಿಡಿದು ಸೊಸೆ. ಎರಡನೆಯ ಮಹಡಿಯ ಮುದುಕಿ ಬಾಗಿಲು ತೆರೆದು, "ಯಜಮಾನರಿಗೆ ಉಬ್ಬಸವಾ?" ಎಂದು ಕೇಳಿದಳು. ಬಾಯಿ ಬಿಡುವಂತಿರಲಿಲ್ಲವಾದ್ದರಿಂದ ಮಾವ ತಲೆಯಾಡಿಸಿ ಹತ್ತಿದರು. ಹನ್ನೆರಡನೆಯ ದಿನ ಅರ್ಧ ಗಂಟೆ ಪೂರ್ತಿಯಾಯಿತು. ಮಾರನೆಯ ದಿನ ಅಂಗಳದಲ್ಲಿ ಪರೀಕ್ಷೆ ಪಾಸಾಗಿ, ಸುರಂಗದೊಳಕ್ಕೆ ಹೋದರು. ಸೆಟ್ಟು ಯಾವಾಗ ಜೇಬಿಗೆ ಹೋಯಿತೆಂದು ನೋಡುತ್ತಿದ್ದವರಿಗೆ ಗೊತ್ತೂ ಆಗಲಿಲ್ಲ.

ಆ ದಿನಗಳಲ್ಲೇ ಅವಳು ಸೈಟಿನ ಇಂಜಿನಿಯರಿಗೆ ಎರಡು ಸಲ ಬರೆದು ಕೊಟ್ಟಿದ್ದಳು. ಆಸರೆ ಕೋಣೆಯ ಬಾಗಿಲ ಮೇಲೆ ಮಿನುಗುವ ದೀಪ ಮಾತ್ರ ಇದೆ. ದಟ್ಟ ಹೊಗೆಯಲ್ಲಿ ದೀಪ ಕಾಣುವುದಿಲ್ಲ. ಜೋರಾಗಿ ಕೂಗುವ ಹಾರನ್ ಬೇಕು, ಗೋಡೆಗುಂಟ ಹಿಡಿದು ನಡೆಯಲು ಹಗ್ಗ ಬೇಕು. ಇಂಜಿನಿಯರು ಕೆಟ್ಟವರೇನಲ್ಲ. "ಮುಂದಿನ ತಿಂಗಳು ನೋಡೋಣಮ್ಮ," ಎಂದು ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದ್ದರು.

ಮಾವ ಒಳಗೆ ಹೋಗತೊಡಗಿ ಏಳನೆಯ ವಾರ. ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕಲ್ಲುಮಣ್ಣು ಸಾಗಿಸುವ ಲಾರಿಯ ಚಾಲಕ ಸುರಂಗದ ಬಾಯಿಂದ ಓಡಿ ಬಂದ. ಲಾರಿಯ ಎಣ್ಣೆ ಪೈಪು ಒಡೆದು ಇಂಜಿನ್ನಿಗೆ ಬೆಂಕಿ ಹತ್ತಿತ್ತು. ಲಾರಿ ನಿಂತದ್ದು ಬಾಯಿಯಿಂದ ಐನೂರು ಮೀಟರ್ ಒಳಗೆ. ಅದರಿಂದಾಚೆ, ಇನ್ನೂ ಆರುನೂರು ಮೀಟರ್ ಒಳಗೆ ಸುರಂಗದ ತುದಿಯಲ್ಲಿ ಒಂಬತ್ತು ಜನ ಕೆಲಸ ಮಾಡುತ್ತಿದ್ದರು. ಆಸರೆ ಕೋಣೆ ಇದ್ದದ್ದು ಬೆಂಕಿಗೂ ಅವರಿಗೂ ನಡುವೆ.

ನೋಡನೋಡುತ್ತಿದ್ದಂತೆ ಸುರಂಗದ ಬಾಯಿಂದ ಕಪ್ಪು ಹೊಗೆ ಸುತ್ತಿ ಸುತ್ತಿ ಬರತೊಡಗಿತು. ಟೈರು ಸುಟ್ಟ ವಾಸನೆ. ಅಗ್ನಿಶಾಮಕದವರಿಗೆ ಫೋನು ಹೋಯಿತು. ಡಬ್ಬಿ ಅಕ್ಕ ಇಂಜಿನಿಯರ ಕೋಣೆಗೆ ಓಡಿದಳು. ಆಸರೆ ಕೋಣೆಯ ಫೋನು ಬರುವುದು ಅಲ್ಲಿಗೆ. ಇಂಜಿನಿಯರು ಕಿಟಕಿಯ ಹತ್ತಿರ ನಿಂತಿದ್ದರು. ಅವಳು ಫೋನಿನ ಮುಂದೆ ನಿಂತಳು. ಕೂರಲು ಆಗಲಿಲ್ಲ.

ಒಂಬತ್ತು ಡಬ್ಬಿ. ಬೆಳಿಗ್ಗೆ ಒಂಬತ್ತನ್ನೂ ಕಿವಿಗಿಟ್ಟು ಅಲ್ಲಾಡಿಸಿದ್ದಳು. ಅಲ್ಲಾಡಿಸಿದ್ದೆನಾ? ಎಂದು ತನ್ನನ್ನೇ ಕೇಳಿಕೊಂಡಳು. ಅಲ್ಲಾಡಿಸಿದ್ದೆ. ತುದಿಯಿಂದ ಆಸರೆ ಕೋಣೆಗೆ ಇನ್ನೂರೈವತ್ತು ಮೀಟರ್. ಬೆಳಕಿದ್ದರೆ ನಾಲ್ಕು ನಿಮಿಷದ ದಾರಿ. ಹೊಗೆಯಲ್ಲಿ ತಡವರಿಸಿ ಹೋದರೆ ಹತ್ತು, ಹದಿನೈದು. ಹದಿನೈದಾಯಿತು. ಇಪ್ಪತ್ತಾಯಿತು. ಫೋನು ಬಡಿದುಕೊಂಡದ್ದು ಇಪ್ಪತ್ತಾರನೆಯ ನಿಮಿಷಕ್ಕೆ.

ಆ ಕಡೆ ತೊದಲು ದನಿ. ಹಲ್ಲಿಲ್ಲದ ಬಾಯಿಯ ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಮಾವ! ಎಲ್ಲರೂ ಬಂದ್ರಾ? ಎಷ್ಟು ಜನ ಇದ್ದೀರಿ?"

"ಒಂಬತ್ತು ಜನ ಇದ್ದೀವಮ್ಮ," ಎಂದರು ಮಾವ. "ಎಂಟು ಜನ ಉಸಿರಾಡ್ತಿದ್ದೀವಿ."

ಬೆಂಕಿ ಆರಿ, ಹೊಗೆ ತಿಳಿಯಾಗಿ, ಅಗ್ನಿಶಾಮಕದವರು ಆಸರೆ ಕೋಣೆಯ ಬಾಗಿಲು ತಟ್ಟುವ ಹೊತ್ತಿಗೆ ಮಧ್ಯಾಹ್ನ ಮೂರೂವರೆ. ನಾಲ್ಕು ಗಂಟೆ ಕಾಲ ಎಂಟು ಜನ ಒಂದು ಹೆಣದ ಜೊತೆ ಕೂತಿದ್ದರು. ಒಬ್ಬೊಬ್ಬರಾಗಿ ಹೊರಗೆ ಬಂದರು. ಮುಖಗಳೆಲ್ಲ ಮಸಿ. ಒಂಬತ್ತನೆಯವನನ್ನು ಸ್ಟ್ರೆಚರಿನಲ್ಲಿ ತಂದರು. ಅಂಗಳದಲ್ಲಿ ಕಾಯುತ್ತಿದ್ದವರಲ್ಲಿ ಯಾರೋ, "ಅಯ್ಯೋ, ರೇಡಿಯೋ," ಎಂದದ್ದು ಕೇಳಿಸಿತು.

ಮಾವ ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಸಂಜೆ ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದರು. ಅವಳು ಹೋಗಿ ಪಕ್ಕದಲ್ಲಿ ಕೂತಳು. ಕೇಳದೆಯೇ ಅವರು ಹೇಳತೊಡಗಿದರು.

"ಹೊಗೆ ಬಂದ ತಕ್ಷಣ ಎಲ್ರೂ ಡಬ್ಬಿ ಹಾಕ್ಕೊಂಡ್ವಿ. ನೀನು ಹೇಳಿದ ಹಾಗೇ. ಐದು ಜನ ಮುಂದೆ ಹೋದ್ರು, ರೇಡಿಯೋನೂ ಅವರಲ್ಲೊಬ್ಬ. ನಾವು ನಾಲ್ಕು ಜನ ಹಿಂದೆ, ಒಬ್ಬರ ಬೆಲ್ಟು ಒಬ್ಬರು ಹಿಡ್ಕೊಂಡು. ನಾನೇ ಮುಂದೆ ಇದ್ದೆ. ಕೈ ಚಾಚಿದ್ರೆ ಕೈ ಕಾಣಲ್ಲ. ಗೋಡೆ ಸವರ್ಕೊಂಡು ಹೋಗ್ತಾ ಇದ್ದೆ. ಎಲ್ಲೋ ಒಂದ್ಕಡೆ ನಿಂತಿದ್ದ ಯಂತ್ರ ಬಳಸಿ ಹೋಗಬೇಕಾಯ್ತು. ಮತ್ತೆ ಗೋಡೆ ಸಿಕ್ತು. ಅದು ಕೋಣೆ ಇಲ್ಲದ ಗೋಡೆ ಅಂತ ನನಗೆ ಗೊತ್ತಾಗಲಿಲ್ಲ ಕಣಮ್ಮಾ. ಮೂವತ್ತಾರು ವರ್ಷದ ಯಜಮಾನನಿಗೆ ಎಡ ಬಲ ಗೊತ್ತಾಗಲಿಲ್ಲ."

ಅವರು ಕೈಯನ್ನು ನೋಡಿಕೊಂಡರು.

"ಕೋಣೆ ದಾಟಿ ಹೋಗ್ಬಿಟ್ಟಿದ್ವಿ. ನೇರ ಬೆಂಕಿ ಕಡೆಗೆ. ಅವನು ಮಿಕ್ಕವರನ್ನ ಒಳಗೆ ಬಿಟ್ಟು ಬಾಗಿಲು ಹಾಕಿಸಿ, ಹೊರಗೇ ನಿಂತು ಜನ ಎಣಿಸಿದ್ದಾನೆ. ನಾಲ್ಕು ಜನ ಇಲ್ಲ. ನಮ್ಮ ಬೂಟಿನ ಸದ್ದು ಆಚೆಗೆ ಹೋಗೋದು ಕೇಳಿಸಿದೆ. ಮೊದಲು ಸ್ಪ್ಯಾನರಿಂದ ಬಾಗಿಲು ಬಡಿದನಂತೆ. ನನಗೂ ಕೇಳಿಸ್ತು, ಆದ್ರೆ ಸುರಂಗದಲ್ಲಿ ಸದ್ದು ಎಲ್ಲ ಕಡೆಯಿಂದ ಬರುತ್ತೆ, ಎತ್ತಲಿಂದ ಅಂತ ಹೇಳೋದು? ಆಮೇಲೆ ಅವನು ಬಾಯಿಂದ ತೆಗೆದ. 'ಯಜಮಾನ್ರೇ, ವಾಪಸ್ ಬನ್ನಿ! ಇನ್ನೊಂದು ಗೋಡೆ!' ಅಂತ. ಮೂರು ಸಲ ಕೂಗಿದ. ಮೂರನೇ ಸಲ ಅರ್ಧಕ್ಕೇ ನಿಂತ್ಹೋಯ್ತು. ನಾವು ಬಂದಾಗ ಬಾಗಿಲಿಂದ ಈಚೆಗೆ ಬಿದ್ದಿದ್ದ. ರಬ್ಬರು ಕೈಯಲ್ಲೇ ಇತ್ತು. ಮತ್ತೆ ಬಾಯಿಗಿಟ್ಕೊಳ್ಳೋಕೆ ನೋಡಿದ್ದಾನೆ."

ಕೆಳಗಿನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು.

"ಇನ್ನೊಂದು ಗೊತ್ತಾ?" ಎಂದರು ಮಾವ. "ನನ್ನ ಹಲ್ಲಿನ ವಿಷಯ ಅವನಿಗೆ ಗೊತ್ತಿತ್ತು. ವರ್ಷದ ಹಿಂದೇನೇ ನಲ್ಲಿ ಹತ್ರ ಸೆಟ್ಟು ತೊಳೀತಿದ್ದಾಗ ನೋಡ್ಬಿಟ್ಟಿದ್ದ. ಆಯ್ತು, ನಾಳೆ ಇಡೀ ಸೈಟಿಗೆ ಸುದ್ದಿ ಅಂದ್ಕೊಂಡೆ. ಒಬ್ಬರ ಹತ್ರ ಹೇಳಿದ್ರೆ ಕೇಳು. ಯಾರ ಯಾರದ್ದೋ ಸುದ್ದಿ ಹಂಚೋನು, ಇದೊಂದನ್ನ ಹೊಟ್ಟೇಲಿಟ್ಕೊಂಡೇ ಹೋದ."

ಮಾವ ಅತ್ತದ್ದನ್ನು ಅವಳು ಆವತ್ತೇ ಮೊದಲು ನೋಡಿದ್ದು.

ಡಬ್ಬಿಗಳೆಲ್ಲ ಅವಳ ಕೋಣೆಗೆ ವಾಪಸ್ಸು ಬಂದವು. ಬಳಸಿದ ಪ್ರತಿಯೊಂದನ್ನೂ ತೆರೆದು ನೋಡಿ ಬರೆಯಬೇಕು. ರೇಡಿಯೋನ ಡಬ್ಬಿಯನ್ನು ಕೊನೆಗೆ ತೆರೆದಳು. ಉಸಿರು ತುಂಬಿಕೊಳ್ಳುವ ಚೀಲ ಹರಿದಿರಲಿಲ್ಲ. ಎಲ್ಲೂ ಸೋರಿಕೆ ಇಲ್ಲ. ಒಳಗಿನ ರಾಸಾಯನಿಕ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದಿತ್ತು. ಇನ್ನೂ ಹದಿನೆಂಟು ನಿಮಿಷದ ಉಸಿರು. ರಬ್ಬರಿನ ಮೇಲೆ ಅವನ ಹಲ್ಲಿನ ಗುರುತು ಆಳವಾಗಿ ಮೂಡಿತ್ತು. ಆ ಮನುಷ್ಯ ಪೂರ್ತಿ ಹನ್ನೆರಡು ನಿಮಿಷ, ಹೇಳಿಕೊಟ್ಟ ಹಾಗೆಯೇ, ಬಿಗಿಯಾಗಿ ಬಾಯಿ ಮುಚ್ಚಿಕೊಂಡಿದ್ದ.

ಇಂಜಿನಿಯರು ವರದಿ ಬರೆಸಿ ಸಹಿಗೆ ಕಳಿಸಿದರು. 'ಕಾರ್ಮಿಕನು ಸೂಚನೆಯನ್ನು ಮೀರಿ ಉಸಿರಾಟದ ಸಾಧನವನ್ನು ಬಾಯಿಯಿಂದ ತೆಗೆದದ್ದೇ ಸಾವಿಗೆ ಕಾರಣ. ಸಾಧನದಲ್ಲಿ ದೋಷವಿರಲಿಲ್ಲ.' ಅವಳು ಎರಡು ಸಲ ಓದಿದಳು. ಒಂದಕ್ಷರವೂ ಸುಳ್ಳಲ್ಲ. ಕಾಗದ ಹಿಡಿದುಕೊಂಡು ಅವರ ಕೋಣೆಗೆ ಹೋದಳು.

"ಇದು ನಿಜ ಸಾರ್. ಆದ್ರೆ ಅರ್ಧ. ಯಾಕೆ ತೆಗೆದ ಅಂತ ಬರೀಬೇಕಲ್ಲ."

"ಅದೆಲ್ಲ ವರದಿಗೆ ಬೇಕಾಗಲ್ಲಮ್ಮ."

"ಹಾರನ್ ಇದ್ದಿದ್ರೆ ಅವನು ಹಾರನ್ ಆಗಬೇಕಾಗಿರಲಿಲ್ಲ ಸಾರ್."

ಇಂಜಿನಿಯರ ಕಣ್ಣು ನಿದ್ದೆಗೆಟ್ಟು ಊದಿತ್ತು. ಡ್ರಾಯರಿನ ಕಡೆಗೆ ನೋಡಿದರು.

"ಇದು ಬರೆದ್ರೆ ನನ್ನ ಕೆಲಸ ಹೋಗುತ್ತೆ, ಗೊತ್ತಾ?"

"ಹೋಗಬಹುದು ಸಾರ್. ನಂದೂ ಹೋಗಬಹುದು. ಹೋದ ವರ್ಷ ನಮ್ಮ ಮಾವನಿಗೆ ಎರಡೇ ನಿಮಿಷಕ್ಕೆ ಪಾಸು ಹಾಕಿದ್ದೆ. ಅದನ್ನೂ ಬರೀತೀನಿ."

ಅವಳು ಅಲ್ಲೇ ಮೇಜಿನ ಮೂಲೆಯಲ್ಲಿ ಕೂತು ತನ್ನ ಕೈಬರಹದಲ್ಲಿ ಸೇರಿಸಿದಳು: ಆಸರೆ ಕೋಣೆಗೆ ಹಾರನ್ ಇರಲಿಲ್ಲ, ಎರಡು ಸಲ ಕೇಳಲಾಗಿತ್ತು, ಹೊಗೆಯಲ್ಲಿ ದಾರಿ ತಪ್ಪಿದ್ದ ನಾಲ್ವರನ್ನು ಕರೆಯಲು ಬೇರೆ ದಾರಿಯಿಲ್ಲದೆ ಅವನು ಬಾಯಿ ತೆರೆದ, ಆ ನಾಲ್ವರೂ ಬದುಕಿದ್ದಾರೆ. ತಾನು ಹಾಕಿದ್ದ ಎರಡು ನಿಮಿಷದ ಪಾಸಿನ ಮಾತನ್ನೂ ಬಿಡದೆ ಬರೆದಳು. ಕೆಳಗೆ ಎಂಟು ಜನರೂ ಸಹಿ ಹಾಕಿದರು. ಕೊನೆಗೆ ಇಂಜಿನಿಯರೂ ಪೆನ್ನು ತೆಗೆದುಕೊಂಡರು. ಮುಂದೆ ಅವರಿಗೆ ಬೇರೆಲ್ಲಿಗೋ ವರ್ಗವಾಯಿತು. ಅವಳ ಕೆಲಸ ಉಳಿಯಿತು. ಮೂರು ವಾರ ಸುರಂಗ ಮುಚ್ಚಿತ್ತು. ಹಗ್ಗವೂ ಬಂತು, ಹಾರನ್ನೂ ಬಂತು.

ಮತ್ತೆ ಕೆಲಸ ಶುರುವಾಗುವ ಹಿಂದಿನ ದಿನ ಬೆಳಿಗ್ಗೆ ಒಬ್ಬ ಹೆಂಗಸು ತಗಡಿನ ಕೋಣೆಯ ಬಾಗಿಲಲ್ಲಿ ನಿಂತಳು. ಮೂವತ್ತರ ಆಸುಪಾಸು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ.

"ಡಬ್ಬಿ ಅಕ್ಕ ಅಂದ್ರೆ ನೀವೇನಾ? ದಿನಾ ನಿಮ್ಮ ಮಾತು ಆಡ್ತಿದ್ರು. ನಾನು ಅವರ ಹೆಂಡತಿ."

ಕುರ್ಚಿ ಕೊಟ್ಟರೂ ಅವಳು ಕೂರಲಿಲ್ಲ.

"ನಿಜ ಹೇಳಿ ಅಕ್ಕಾ. ಡಬ್ಬಿ ಕೆಟ್ಟಿತ್ತಾ?"

"ಇಲ್ಲ. ಚೆನ್ನಾಗಿತ್ತು. ಇನ್ನೂ ಹದಿನೆಂಟು ನಿಮಿಷ ಬರ್ತಿತ್ತು."

"ಮತ್ತೆ?"

ಡಬ್ಬಿ ಅಕ್ಕ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಆ ಹೆಂಗಸಿನ ಮುಖ ಬಿಗಿಯಿತು.

"ಎಲ್ಲರೂ ಬಂದು ಹೊಗಳಿ ಹೋದ್ರು," ಎಂದಳು. "ದೊಡ್ಡ ಮನಸ್ಸು, ದೊಡ್ಡ ಮನಸ್ಸು ಅಂತ. ಆ ನಾಲ್ಕು ಜನ ನೆನಪಾದ್ರಲ್ಲ, ನಾನೊಬ್ಬಳು ನೆನಪಾಗಲಿಲ್ವಾ ಅವರಿಗೆ?"

ಡಬ್ಬಿ ಅಕ್ಕ ಕಲಿಸಿದ್ದನ್ನು ಅವನು ಪಾಲಿಸಿದ್ದರೆ ಅವನು ಬದುಕುತ್ತಿದ್ದ, ಮಾವ ಬದುಕುತ್ತಿರಲಿಲ್ಲ. ಮಾವ ಮನೆಗೆ ಬಂದದ್ದಕ್ಕೆ ತನಗಾದ ಸಂತೋಷವನ್ನು ಈ ಹೆಂಗಸಿನ ಮುಂದೆ ಎಲ್ಲಿ ಬಚ್ಚಿಡುವುದೆಂದು ಅವಳಿಗೆ ತಿಳಿಯಲಿಲ್ಲ.

"ಆ ನಾಲ್ಕು ಜನರಲ್ಲಿ ಒಬ್ಬರು ನಮ್ಮ ಮಾವ," ಎಂದಳು.

ಹೆಂಗಸು ಅವಳನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡಳು ಡಬ್ಬಿ ಅಕ್ಕ. ಬೈಯಲಿಲ್ಲ.

"ನನಗೆ ಆ ಜಾಗ ನೋಡಬೇಕು," ಎಂದಳಷ್ಟೆ.

ಡಬ್ಬಿ ಇಲ್ಲದೆ ಒಳಗೆ ಬಿಡುವಂತಿಲ್ಲ. ಮೇಲಿನವರ ಅನುಮತಿ ಪಡೆದು, ಅವಳನ್ನು ಬೆಂಚಿನ ಮೇಲೆ ಕೂರಿಸಿ, ಅಭ್ಯಾಸದ ಡಬ್ಬಿ ಬಿಚ್ಚಿ, ಎಲ್ಲರಿಗೂ ಹೇಳುವುದನ್ನೇ ಹೇಳಿದಳು. ಕಚ್ಚಬೇಕು, ಕ್ಲಿಪ್ಪು ಹಾಕಬೇಕು, ನಿಧಾನಕ್ಕೆ ಉಸಿರೆಳೆದುಕೊಳ್ಳಬೇಕು. 'ಬಾಯಿ ಬಿಡಬಾರದು' ಎನ್ನುವುದನ್ನೂ ಬಿಡದೆ ಹೇಳಿದಳು. ಹತ್ತು ನಿಮಿಷ ಆ ಹೆಂಗಸು ನೆಟ್ಟಗೆ ಕೂತಿದ್ದಳು. ಕಣ್ಣಿಂದ ನೀರು ಇಳಿದು ರಬ್ಬರಿನ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲಿಲ್ಲ, ಅಲುಗಲೂ ಇಲ್ಲ.

ಮಾವನೂ ಜೊತೆಗೆ ಬಂದರು. ಮೂವರೂ ಸೊಂಟಕ್ಕೆ ಡಬ್ಬಿ ಕಟ್ಟಿಕೊಂಡು, ಹೆಲ್ಮೆಟ್ಟು ಹಾಕಿಕೊಂಡು ನಡೆದರು. ಲಾರಿ ಸುಟ್ಟ ಕಡೆ ಮೇಲ್ಛಾವಣಿ ಇನ್ನೂ ಕಪ್ಪಗಿತ್ತು. ಆಸರೆ ಕೋಣೆಯ ಮುಂದೆ ಮಾವ ನಿಂತು, ನೆಲದ ಕಡೆ ಕೈ ತೋರಿಸಿದರು. ಅಲ್ಲಿ ಏನೂ ಇರಲಿಲ್ಲ. ಒದ್ದೆ ಕಾಂಕ್ರೀಟು, ಒಂದಷ್ಟು ಜಲ್ಲಿ.

"ನೀವು ಎಲ್ಲೀ ತನಕ ಹೋಗಿದ್ರಿ?" ಎಂದು ಕೇಳಿದಳು ಆ ಹೆಂಗಸು.

ಮಾವ ಎದುರಿನ ಗೋಡೆಯ ಕಡೆಗೆ ದಾಟಿ, ಬಂದ ದಾರಿಯಲ್ಲೇ ಹಿಂದಕ್ಕೆ ನಲವತ್ತು ಹೆಜ್ಜೆ ನಡೆದು ನಿಂತರು. ಕತ್ತಲಲ್ಲಿ ಅವರ ಹೆಲ್ಮೆಟ್ಟಿನ ದೀಪವೊಂದೇ ಕಾಣುತ್ತಿತ್ತು. ಈಗ ಯಂತ್ರಗಳಿಲ್ಲ, ಗದ್ದಲವಿಲ್ಲ.

"ಕೇಳಿಸ್ತಾ?" ಎಂದಳು ರೇಡಿಯೋನ ಹೆಂಡತಿ. ಕೂಗಲಿಲ್ಲ, ಪಕ್ಕದಲ್ಲಿರುವವರ ಹತ್ತಿರ ಮಾತಾಡುವಷ್ಟೇ ದನಿ.

"ಕೇಳಿಸ್ತಮ್ಮಾ," ಎಂದರು ಮಾವ.

ಅವಳು ಆ ದೂರವನ್ನು ಕಣ್ಣಿನಲ್ಲೇ ಅಳೆಯುತ್ತ ನಿಂತಳು.

"ಇಷ್ಟು ಹತ್ರ ಇದ್ರಾ," ಎಂದಳು ಕೊನೆಗೆ. "ನಾನಾಗಿದ್ರೂ ಕರೀತಿದ್ದೆನೋ ಏನೋ."

ಮಾವ ನಿಧಾನವಾಗಿ ವಾಪಸ್ಸು ಬಂದರು. ಅವಳು ಕೈ ಚಾಚಿ, ಅವರ ತೋಳಿಗೆ ಅಂಟಿದ್ದ ಗೋಡೆಯ ಮಸಿಯನ್ನು ಎರಡು ಸಲ ತಟ್ಟಿ ಉದುರಿಸಿದಳು. ಆಮೇಲೆ ಹೊರಗಿನ ಬೆಳಕು ಯಾವ ಕಡೆ ಎಂದು ಕೇಳಿ, ತಾನೇ ಮುಂದೆ ನಡೆದಳು.